ಮಣ್ಣು ವಾಸನೆಯ ಬಿಸಿನೀರು

ದಿ ಪಾಂಡ್ಸ್, ಸಿಡ್ನಿ
೫ ಮಾರ್ಚ್ ೨೦೨೬, ಗುರುವಾರ

ಪ್ರೀತಿಯ ವಿನೋದಾ,

ಇಲ್ಲಿನ ನೀರಿಗೆ ವಾಸನೆ ಇರುವುದು ನಿಜ. ನೀರು ಸರಬರಾಜಿನವರೇ ನಿನ್ನೆ ಸಂಜೆ ಮೆಸೇಜ್ ಕಳಿಸಿ ಒಪ್ಪಿಕೊಂಡಿದ್ದಾರೆ. ಅದನ್ನು ಮೊದಲು ಹೇಳಿಬಿಟ್ಟೆ. ಈಗ ಹೇಳು, ಆರೋಗ್ಯ ಹೇಗಿದೆ? ಬೆಳಿಗ್ಗೆಯ ತಲೆನೋವು ಕಡಿಮೆಯಾಯಿತೇ? ಮಗಳ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡು, ನೀರು ಕುಡಿಯುವುದನ್ನು ಬಿಡಬೇಡ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ನಿಶ್ಮಿತಾ ಯಾವಾಗಲೂ ಸ್ಪೀಕರಿಗೆ ಹಾಕಿರುತ್ತಾಳೆ.

ಅವರು ಬರೆದಿರುವುದು ಹೀಗೆ: ಬೇಸಿಗೆಯ ಸೆಖೆಗೆ ಜಲಾಶಯದಲ್ಲಿ ನೀಲಿ-ಹಸಿರು ಪಾಚಿ ಹೆಚ್ಚಾಗಿದೆ. ಹೆಸರಿಗೆ ಪಾಚಿ, ನಿಜದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ. ಅದು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತದೆ. ಬೀಟ್‌ರೂಟಿನ ಮಣ್ಣು ವಾಸನೆಯೂ ಅದರದ್ದೇ. ಕ್ಲೋರಿನ್ ಹಾಕಿದರೆ ಹೋಗುವುದಿಲ್ಲ, ಇದ್ದಿಲ ಪುಡಿ ಬೇಕು. ವಾಸನೆಯಿಂದ ಆರೋಗ್ಯಕ್ಕೆ ತೊಂದರೆ ಇಲ್ಲ ಎಂದೂ ಬರೆದಿದ್ದಾರೆ. "ಮಾರಾಯ್ರೆ, ಇದು ಬಸಳೆ ಬುಡದ ಮಣ್ಣಿನ ವಾಸನೆ" ಎಂದು ನೀನು ಲೋಟ ಕೆಳಗಿಟ್ಟಿದ್ದೆಯಲ್ಲ, ಅದಕ್ಕೆ ಇಷ್ಟು ಉದ್ದದ ವಿವರಣೆ.

ನಿನಗೊಬ್ಬಳಿಗೇ ಯಾಕೆ ತಿಳಿಯಿತು ಎಂಬುದೂ ಈಗ ಗೊತ್ತಾಯಿತು. ತಣ್ಣೀರಿನಲ್ಲಿ ಈ ವಾಸನೆ ಅಡಗಿರುತ್ತದೆ, ಬಿಸಿ ಮಾಡಿದರೆ ಎದ್ದು ಬರುತ್ತದೆ. ಈ ಮನೆಯಲ್ಲಿ ಎಲ್ಲರೂ ಫ್ರಿಜ್ಜಿನ ನೀರಿನವರು. ಊರಿನ ಹಾಗೆ ಕುದಿಸಿ ಬಿಸಿಬಿಸಿ ಕುಡಿಯುವವಳು ನೀನೊಬ್ಬಳು. "ಅಜ್ಜೀ, ಇಟ್ಸ್ ಜಸ್ಟ್ ವಾಟರ್" ಎಂದು ನಗುತ್ತಿದ್ದ ಅದ್ವಿಕ್ ನಿನ್ನೆ ನಿನ್ನ ಲೋಟದಲ್ಲೇ ಬಿಸಿನೀರು ಕುಡಿದು ಸಿಂಕಿಗೆ ಉಗಿದ. ಅವನಪ್ಪ ಸುಕೇಶನೂ ಕುಡಿದು ನೋಡಿ, ಉಳಿದ ನೀರನ್ನು ಸಿಂಕಿಗೆ ಚೆಲ್ಲಿದ. ಇಲ್ಲದ ವಾಸನೆ ಬರುವುದು ಮೆದುಳಿನ ತೊಂದರೆ ಇರಬಹುದೆಂದು ಹೆದರಿ, ಅಕ್ಕ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಸ್ಕ್ಯಾನ್ ಬೇಗ ಆಗುತ್ತದೆ ಎಂದು ನಿನ್ನನ್ನು ಮೆಲ್ಬರ್ನಿಗೆ ಕಳಿಸಿದವನು ಅವನೇ ತಾನೆ? ಕೊನೆಗೆ, "ಅಪ್ಪ, ಸ್ಕ್ಯಾನ್ ಕ್ಯಾನ್ಸಲ್ ಮಾಡಿಸುವ, ಅಮ್ಮನನ್ನು ವಾಪಸ್ ಕರೆಸುವ" ಎಂದ. ಎರಡು ತಿಂಗಳಿಂದ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಬರುವಾಗ ನಿನಗೆ ಕಿಟಕಿಯ ಪಕ್ಕದ ಸೀಟು ಹೇಳುತ್ತೇನೆ.

ನಿಶ್ಮಿತಾಗೂ ಅಳಿಯನಿಗೂ ನನ್ನ ಆಶೀರ್ವಾದ. ಸುಕೇಶ, ಅದ್ವಿಕ್ ನಿನ್ನನ್ನು ಕೇಳಿದ್ದಾರೆ.

ನಿನ್ನ
ಕೊರಗಪ್ಪ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ನಿಶ್ಮಿತಾ ಫೋನ್ ಮಾಡಿದಳು. ನನಗೆ ಹೇಳಿದಳೆಂದು ಅವಳಿಗೆ ಬೈಯಬೇಡ. ಅಲ್ಲಿಗೆ ನಮ್ಮ ಜಲಾಶಯದ ನೀರು ಬರುವುದಿಲ್ಲ. ಇವತ್ತು ಬೆಳಿಗ್ಗೆ ನೀನು ಅದೇ ಮಣ್ಣು ವಾಸನೆ ಎಂದು ಪಕ್ಕಕ್ಕಿಟ್ಟ ಬಿಸಿನೀರು ನಲ್ಲಿಯದ್ದೂ ಅಲ್ಲ, ಅಂಗಡಿಯ ಬಾಟಲಿಯದ್ದು. ಅದನ್ನೇ ಅವಳೂ ಅಳಿಯನೂ ಬಿಸಿಯಾಗಿಯೇ ಕುಡಿದರು, ಅವರಿಗೆ ಏನೂ ತಿಳಿಯಲಿಲ್ಲ. ಸ್ಕ್ಯಾನ್ ಕ್ಯಾನ್ಸಲ್ ಮಾಡಿಲ್ಲ. ಮಾರ್ಚ್ ೧೬, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಭಾನುವಾರವೇ ಅಲ್ಲಿಗೆ ಬರುತ್ತೇನೆ.