ಆನೆ ಕಾರಂಜಿಯ ಬಳಿ ನೀರಿದೆ

ಮಾಲೂರು
ಮೇ 14, ಗುರುವಾರ

ಪ್ರೀತಿಯ ವೆಂಕಟಣ್ಣನಿಗೆ,

ನಿನ್ನ ಸೊಂಟದ ನೋವು ಹೇಗಿದೆ? ಅತ್ತಿಗೆ, ಪಾಪು ಸೌಖ್ಯವೇ? ಪಠಾಣ್‌ಕೋಟ್‌ನ ಬಿಸಿಲು ನಮ್ಮ ಯಲ್ದೂರಿನದಕ್ಕಿಂತ ಕೆಟ್ಟದ್ದಂತೆ, ಡ್ಯೂಟಿಗೆ ಹೊರಡುವ ಮುಂಚೆ ಮಜ್ಜಿಗೆ ಕುಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಫೋನಿನಲ್ಲೇ ಹೇಳೋಣವೆಂದುಕೊಂಡೆ, ನಿನ್ನ ದನಿ ಕೇಳಿದೊಡನೆ ಬೇರೇನೋ ಮಾತಾಡಿ ಇಟ್ಟುಬಿಟ್ಟೆ.

ಇಲ್ಲಿ ನಾನು ಅನೌನ್ಸರ್ ಆಗಿ ಸೇರಿದ ದೊಡ್ಡ ಮನರಂಜನಾ ಪಾರ್ಕು ಕಳೆದ ಭಾನುವಾರ ಶುರುವಾಯಿತು. ಅಮ್ಮ ಹಿಗ್ಗಿ, ಪಕ್ಕದ ಮನೆಯ ಶಾಮಲಮ್ಮ, ಚನ್ನರಾಯಪ್ಪ ತಾತ, ಬೀದಿಯ ಅರ್ಧ ಜನರನ್ನು ಯಲ್ದೂರಿನಿಂದ ಟೆಂಪೋದಲ್ಲಿ ಕರೆತಂದಿದ್ದಳು. ಪಾಸು ಬೇಕಾಬಿಟ್ಟಿ ಹಂಚಿದ್ದರು, ನಕಲಿ ಪಾಸಿನವರೂ ನುಗ್ಗಿದರು. ದೊಡ್ಡ ಜೋಕಾಲಿ ಕೆಟ್ಟು ನಿಂತಿತು. ಹಿಂದಿನ ದಿನ ಹಾಕಿದ ಡಾಂಬರು ಬಿಸಿಲಿಗೆ ಕರಗಿ ಚಪ್ಪಲಿಗಳು ಅಂಟಿಕೊಂಡವು. ಗೇಟಿನಲ್ಲಿ ಎಲ್ಲರ ನೀರಿನ ಬಾಟಲಿ ಕಿತ್ತಿಟ್ಟುಕೊಂಡಿದ್ದರು, ಒಳಗೆ ಅಂಗಡಿಗಳಲ್ಲಿ ನೀರು ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಜನ ಗೇಟಿನ ಬಳಿ ಸೇರಿ ನೀರು ನೀರು ಎಂದು ಕೂಗತೊಡಗಿದರು. ಅತಿಥಿಗಳ ಕಾರು ಬರುವ ಹೊತ್ತು ಬೇರೆ. ಮ್ಯಾನೇಜರ್ ಅಮರನಾಥ್ ಮೈಕಿನ ರೂಮಿಗೆ ಓಡಿಬಂದು, “ಆನೆ ಕಾರಂಜಿ ಹತ್ರ ನೀರೈತೆ ಅಂತ ಹೇಳಮ್ಮ” ಎಂದರು. “ಸಾರ್, ಅಲ್ಲಿ ನಲ್ಲಿಗೆ ಇನ್ನೂ ಪೈಪೇ ಕೊಟ್ಟಿಲ್ವಲ್ಲ” ಎಂದೆ. “ಜನ ಆ ಕಡೆ ಹೋದ್ರೆ ಸಾಕು. ನೀನ್ ಹೇಳು.”

ಹೇಳಿದೆ, ಅಣ್ಣಾ. ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲೂ ಹೇಳಿದೆ, ದನಿಗೆ ನಗು ಬೆರೆಸಿ ಹೇಳಿದೆ. ಅಮ್ಮ ಆ ಗುಂಪಿನಲ್ಲೇ ಇದ್ದಾಳೆಂದು ಗೊತ್ತಿತ್ತು.

ಕಾರಂಜಿ ಇರುವುದು ಪಾರ್ಕಿನ ಆ ತುದಿಗೆ, ದಾರಿಯಲ್ಲಿ ಎಲ್ಲಿಯೂ ನೆರಳಿಲ್ಲ. ಗದ್ದಲದಲ್ಲಿ ನನ್ನ ಮಾತು ಅರೆಬರೆ ಕೇಳಿ ಅನುಮಾನಿಸಿ ನಿಂತ ನಮ್ಮ ಬೀದಿಯವರಿಗೆ ಅಮ್ಮ, “ಆನೆ ಕಾರಂಜಿ ಹತ್ರ ಅಂತ ನಮ್ ಮೇಘಾ ಹೇಳ್ತಾವ್ಳೆ, ಅವಳು ಸುಳ್ಳಾಡಲ್ಲ, ಬನ್ರಿ” ಎಂದು ತಾನೇ ಮುಂದೆ ನಡೆದಳಂತೆ. ಶಾಮಲಮ್ಮ ಹೇಳಿದ್ದು ಇದು. ನಲ್ಲಿ ತಿರುಗಿಸಿದರೆ ಬರೀ ಗಾಳಿ. ತಾತ ಅಲ್ಲೇ ಕುಸಿದು ಬಿದ್ದರು.

ನಾನು ಕೋಲಾರದ ಆಸ್ಪತ್ರೆಗೆ ಓಡಿದಾಗ ತಾತನಿಗೆ ಡ್ರಿಪ್ ಹಾಕಿದ್ದರು. ಸುತ್ತ ನಿಂತವರ ನಡುವೆ ಅಮ್ಮ ಕೈಮುಗಿದು ಹೇಳುತ್ತಿದ್ದಳು: “ತಪ್ಪು ನಂದೇ ಕಣ್ರಮ್ಮ. ಹುಡುಗಿ ಬೇರೆ ಕಡೆ ಹೇಳಿದ್ಲು, ನನ್ ಕಿವಿ ಮಂದ ಆಗೈತೆ.” ಹಿತ್ತಲಲ್ಲಿ ಕೋಳಿ ಕದಲಿದರೂ ಎದ್ದು ಕೂರುವವಳು! ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಣಕೈ ಹಿಡಿದು, “ಸುಮ್ನಿರು, ಕೆಲಸ ಹೋಗ್ತದೆ” ಎಂದು ಪಿಸುಗುಟ್ಟಿದಳು. ನಾನು ಸುಮ್ಮನಿದ್ದೆ. ತಾತ ಮಲಗಿದಲ್ಲಿಂದಲೇ ಅಮ್ಮನನ್ನು ಸಮಾಧಾನ ಮಾಡಿದರು: “ಪೋನೀಲೇಮ್ಮಾ, ಹೋಗ್ಲಿ ಬಿಡು, ವಯಸ್ಸಾದ್ಮೇಲೆ ಎಲ್ಲರ ಕಿವೀನೂ ಅಷ್ಟೇ.”

ತಾತ ಮಾರನೆಯ ದಿನ ಮನೆಗೆ ಬಂದರು, ಈಗ ಎದ್ದು ಓಡಾಡುತ್ತಿದ್ದಾರೆ. ಆದರೆ ಶಾಮಲಮ್ಮ ನಮ್ಮ ಜಗಲಿಗೆ ಬರುವುದನ್ನು ಬಿಟ್ಟಿದ್ದಾರೆ. ಬೀದಿಯವರು ಅಮ್ಮನನ್ನು ಕಂಡರೆ ಬೇಕೆಂದೇ ಗಟ್ಟಿಯಾಗಿ ಕೂಗಿ ಮಾತಾಡಿಸುತ್ತಾರಂತೆ, ಮಕ್ಕಳು ನಗುತ್ತಾರಂತೆ. ಅಮ್ಮ ಒಂದೂ ದೂರು ಹೇಳಿಲ್ಲ. ನಾನು ದಿನಾ ಅದೇ ಮೈಕಿನ ಮುಂದೆ ಕೂತು ಸ್ವಾಗತ ಸುಸ್ವಾಗತ ಎನ್ನುತ್ತಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಪಾಪುಗೆ ಮುತ್ತು. ನೀನು ಬೈದರೂ ಸರಿ, ಬರೆ.

ನಿನ್ನ ತಂಗಿ,
ಮೇಘನ

ಮ.ವಿ.: ಇಪ್ಪತ್ತನಾಲ್ಕರ ಭಾನುವಾರ ನನಗೆ ರಜೆ. ಬೆಳಿಗ್ಗೆ ಊರವರೆಲ್ಲ ಡೇರಿಗೆ ಹಾಲು ಹಾಕಲು ಬಂದಿರುವಾಗ ಹೋಗಿ, ಅಮ್ಮನಿಗೆ ಸರಿಯಾಗಿಯೇ ಕೇಳಿಸಿತ್ತು, ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ. ಗೊತ್ತಾದರೆ ಅವಳು ಅಡ್ಡ ನಿಲ್ಲುತ್ತಾಳೆ. ಆ ಹೊತ್ತಿಗೆ ಮನೆಗೆ ಫೋನ್ ಮಾಡಿ ಅವಳನ್ನು ಮಾತಿಗೆಳೆದುಕೋ. ನಾನು ಹೇಳಿ ಮುಗಿಸುವವರೆಗೂ ಬಿಡಬೇಡ.