ನಿನ್ನ ಕೈಯೇ ಬೇಕು

ಕೊಲಂಬೊ
೧೪ ನವೆಂಬರ್ ೧೯೩೮

ಅವ್ವಾ, ಡಾಕ್ಟರಮ್ಮ ಒಪ್ಪಿಬಿಟ್ಟರು, ಹೆರಿಗೆಗೆ ನಾನು ಹೊಸಪೇಟೆಗೇ ಬರುತ್ತಿದ್ದೇನೆ!

ನೋಡು, ಖುಷಿಯಲ್ಲಿ ಶರಣು ಹೇಳುವುದನ್ನೂ ಮರೆತೆ. ನಿನಗೂ, ಇದನ್ನು ಓದಿ ಹೇಳುತ್ತಿರುವ ಅಪ್ಪಾಜಿಗೂ ನಿಮ್ಮ ಪಂಪಿಯ ಶರಣು. ಪತ್ರ ತಡವಾಯಿತು, ಸಿಟ್ಟಾಗಬ್ಯಾಡ. ನಾನೇ ನಿನ್ನ ಮೇಲೆ ಸಿಟ್ಟಾಗಿದ್ದೆ! 'ಕುಬುಸ ಅಲ್ಲೇ ಮಾಡ್ಕೊಳ್ಳಲಿ, ದೊಡ್ಡ ದವಾಖಾನಿ ಐತಿ, ಅಲ್ಲೇ ಹಡೀಲಿ, ಇಲ್ಲಿಗೆ ಬ್ಯಾಡ' ಅಂತ ಬರೆಸಿದೆಯಲ್ಲ. ಚೊಚ್ಚಲು ಹೆರಿಗೆಗೆ ಮಗಳನ್ನು ಬ್ಯಾಡ ಅನ್ನುವ ತವರು ಎಲ್ಲಾದರೂ ಇದೆಯೇ? ಕೂತು ಅತ್ತುಬಿಟ್ಟೆ. ಇವರು ಬ್ಯಾಂಕಿನಿಂದ ಬರುವಾಗ ಐಸ್‌ಕ್ರೀಂ ತಂದರು. ತಿಂದು ಮತ್ತೆ ಅತ್ತೆ.

ದವಾಖಾನೆ ನೀನು ಅಂದುಕೊಂಡ ಹಾಗೆಯೇ ದೊಡ್ಡದು. ಮೊದಲು ವಾಂತಿ ನಿಲ್ಲದೆ ಅಲ್ಲಿ ಮಲಗಿದ್ದಾಗ ಎಲ್ಲ ನೋಡಿದೆ. ಔಷಧ ಕೊಡುವ ಮೊದಲು ನರ್ಸು ಪ್ರತಿ ಸಲ ಹೆಸರು ಕೇಳುತ್ತಾಳೆ.

"ಬೆಳಿಗ್ಗೆಯೇ ಹೇಳಿದೆನಲ್ಲ, ಮರೆತಿರಾ?" ಅಂದೆ.

"ಮರೆತರೆ ನಿಮಗೆ ಪಕ್ಕದವರ ಔಷಧ ಬೀಳುತ್ತದೆ, ಅದಕ್ಕೇ ಕೇಳುವುದು."

ನಮ್ಮ ಕಾಂಪೌಂಡರ್ ಎರ್ರಿಯಪ್ಪ ಕೆಮ್ಮಿಗೂ ಹೊಟ್ಟೆನೋವಿಗೂ ಅದೇ ಕೆಂಪು ನೀರು ಕೊಟ್ಟು, 'ಕುಡಿಯವ್ವಾ, ಯಾವುದಕ್ಕಾದ್ರೂ ಆಗ್ತೈತಿ' ಅನ್ನುತ್ತಿದ್ದದ್ದು ನೆನಪಾಗಿ, ನಕ್ಕು ನಕ್ಕು ಮತ್ತೆ ವಾಂತಿ ಮಾಡಿಕೊಂಡೆ!

ಇಲ್ಲಿ ಯಾರೇ ಮುಟ್ಟಲಿ, ಮೊದಲು ಮೊಣಕೈವರೆಗೆ ಸಾಬೂನು ಹಚ್ಚಿ ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಾರೆ. ಆದರೆ ತಲೆ ಸವರಲು ಯಾರಿಗೂ ಪುರಸೊತ್ತಿಲ್ಲ. ಪಕ್ಕದ ಹಾಸಿಗೆಯ ತಮಿಳು ಹುಡುಗಿ ಬೇನೆ ಶುರುವಾಗಿ 'ಅಮ್ಮಾ, ಅಮ್ಮಾ' ಅಂತ ಕೂಗುತ್ತಿದ್ದರೆ ಅವಳಮ್ಮ ಗೇಟಿನ ಹೊರಗೆ ಕೂತಿದ್ದಳು. ಒಳಗೆ ಬಿಡುವುದು ಸಂಜೆ ಒಂದು ತಾಸು ಮಾತ್ರ. ನನಗೆ ಇದು ಬ್ಯಾಡ ಅಂತ ಅವತ್ತೇ ಅಂದುಕೊಂಡೆ.

ಬಳ್ಳಾರಿ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ, ಬಿಲಾಯತಿಯಿಂದ ಬಂದ ಡಾಕ್ಟರಮ್ಮನಿಗೆ ನಮ್ಮ ಸೂಲಗಿತ್ತಿ ತಾಯಕ್ಕನ ವಿಷಯ ಹೇಳಿದೆ.

"ಆಕೆ ಕೈ ತೊಳೆಯುತ್ತಾಳೆಯೇ?"

"ತೊಳೀತಾಳೆ, ಆದರೆ ಕೈತುಂಬ ಬಳೆ. ಮುತ್ತೈದೆ. ತೆಗಿ ಅಂದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಾಳೆ!"

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಬಳೆಗಳನ್ನು ಆದಷ್ಟು ಮೇಲೇರಿಸಿ, ಕುದಿಸಿದ ಬಟ್ಟೆ ಬಿಗಿಯಾಗಿ ಸುತ್ತಿ, ಕೆಳಗೆಲ್ಲ ಉಜ್ಜಿ ತೊಳೆದರಾಯಿತು ಎಂದು ನರ್ಸು ಉಪಾಯ ಹೇಳಿದಳು. ಬೇನೆ ತಡವಾದರೆ ಬಳ್ಳಾರಿ ದವಾಖಾನೆಗೆ ಒಯ್ಯಲು ಬಾಗಿಲಲ್ಲಿ ಮೋಟಾರು ನಿಂತಿರಬೇಕಂತೆ. ಜಡೆಪ್ಪ ಮಾವನದು ಇದೆ ಅಂದೆ. ಅದನ್ನು ನಾಲ್ಕು ಮಂದಿ ನೂಕಬೇಕು ಅನ್ನುವುದನ್ನು ಹೇಳಲಿಲ್ಲ! ಅಪ್ಪಾಜಿ, ನಾನು ಬರುವುದರೊಳಗೆ ರಿಪೇರಿ ಮಾಡಿಸಿರಿ, ಮರೀಬ್ಯಾಡ್ರಿ.

ನಿಮ್ಮ ಆಶೀರ್ವಾದ ನನಗೂ, ಒಳಗೆ ಒದೆಯುತ್ತಿರುವ ನಿಮ್ಮ ಮೊಮ್ಮಗುವಿಗೂ ಇರಲಿ.

ನಿಮ್ಮ ಪಂಪಿ

ಮೇಲೆ ಬರೆಯದೆ ಉಳಿದದ್ದು: ಅಪ್ಪಾಜಿ, ಇಲ್ಲಿಗೆ ಸಾಕು, ಕಾಗದ ಅವ್ವನಿಗೆ ಕೊಡ್ರಿ. ಅವ್ವಾ, ನೀನು ಅಕ್ಷರ ಕೂಡಿಸಿಕೊಂಡು ಓದಲೆಂದು ದೊಡ್ಡದಾಗಿ ಬರೆದಿದ್ದೇನೆ.

ಬ್ಯಾಡ ಅಂದದ್ದು ಯಾಕೆಂದು ನನಗೆ ಗೊತ್ತು. ನಮ್ಮ ಸಂಗಕ್ಕನನ್ನು ಅವಳ ಅತ್ತೆಯ ಮನೆಯವರ ಜೊತೆ ಹಟ ಮಾಡಿ ಹೆರಿಗೆಗೆ ಕರೆತಂದವಳು ನೀನು. ಕೂಸು ನಿನ್ನ ಕೈಗೇ ಬಂತು. ಬಾಣಂತಿ ಜ್ವರದಲ್ಲಿ ಅಕ್ಕ ಹೋದಳು, ಹಿಂದೆಯೇ ಕೂಸೂ ಹೋಯಿತು. 'ನನ್ನ ಕೈಗುಣ ಸರಿಯಿಲ್ಲ' ಅಂತ ಆಮೇಲೆ ನೀನು ಯಾವ ಬಾಣಂತಿಯನ್ನೂ ಮುಟ್ಟಲಿಲ್ಲ.

ಡಾಕ್ಟರಮ್ಮನಿಗೆ ಇದನ್ನೂ ಹೇಳಿದೆ. ಅವರು ನಗಲಿಲ್ಲ. "ನಮ್ಮ ದೇಶದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇದೇ ಜ್ವರಕ್ಕೆ ಎಷ್ಟೋ ತಾಯಂದಿರು ಸತ್ತರು. ಒಬ್ಬರಿಂದ ಇನ್ನೊಬ್ಬರಿಗೆ ಅದನ್ನು ಒಯ್ದದ್ದು ಓದಿದ ಡಾಕ್ಟರರ ಕೈಗಳೇ. ತಿಳಿದ ಮೇಲೆ ತೊಳೆಯಲು ಕಲಿತೆವು. ನಿಮ್ಮ ತಾಯಿಗೆ ಯಾರು ಹೇಳಿಕೊಟ್ಟಿದ್ದರು?" ಅಂದರು.

ಕೈಗುಣ ಅಲ್ಲವ್ವಾ.

ಸಾಬೂನು, ಬ್ರಷ್ಷು ನಾನೇ ತರುತ್ತಿದ್ದೇನೆ. ತಾಯಕ್ಕನ ಜೊತೆ ನಿಂತು ನೀನೂ ತೊಳೆದುಕೋ. ಆಮೇಲೆ ನನ್ನ ಕೈ ಹಿಡಿದುಕೋ, ಬಿಡಬ್ಯಾಡ. ಸ್ಟೇಷನ್ನಿಗೆ ಅಪ್ಪಾಜಿಯನ್ನು ಕಳಿಸಿ ಮನೆಯಲ್ಲಿ ಕೂರಬ್ಯಾಡ, ನೀನೇ ಬಾ. ಡಿಸೆಂಬರ್ ಒಂದನೇ ತಾರೀಕು, ಗುರುವಾರ, ಗುಂತಕಲ್ಲಿನಿಂದ ಬರುವ ಬೆಳಗಿನ ಗಾಡಿ.