ಖಾಲಿ ಪೆಟ್ಟಿಗೆಯ ಓಟ

ಪಾಂಪ್ಲೋನಾ, ಕೊಲಂಬಿಯ

ಅಕ್ಕಾ,

ನಮ್ಮೂರು ಮರಕೈಬೊದ ಬಿಸಿಲನ್ನು ನನ್ನ ಪಾಲಿನದೂ ಸೇರಿಸಿ ನೀನೇ ಕಾಯಿಸಿಕೋ. ಇಲ್ಲಿ ಬೆಟ್ಟದ ಚಳಿಗೆ ಹಲ್ಲುಗಳು ನಮ್ಮನ್ನು ಕೇಳದೆ ಕುಣಿಯುತ್ತಿವೆ. ನಡೆಯಲು ಹಗುರಾಗಲಿ ಎಂದು ಮಕ್ಕಳಿಗೆ ತೆಳು ಬಟ್ಟೆಯನ್ನೇ ತುಂಬಿದ್ದೆ. ಚಳಿ ಕಾಣದ ಊರಿನವನ ಬುದ್ಧಿ. ಈಗ ಇಬ್ಬರ ಕೈಗೂ ಕಾಲುಚೀಲ ತೊಡಿಸಿದ್ದೇನೆ.

ರಸ್ತೆಯುದ್ದಕ್ಕೂ, ನಮ್ಮ ಹಾಗೇ ದೇಶ ಬಿಟ್ಟು ನಡೆದವರ ಪೆಟ್ಟಿಗೆಗಳು ಬಾಯಿ ತೆರೆದು ಬಿದ್ದಿವೆ. ನಿನ್ನೆ ನಮ್ಮದನ್ನೂ ಅಲ್ಲೇ ಬಿಟ್ಟೆ. ಚಿಕ್ಕವಳಿಗೆ ಜ್ವರ, ನಡೆಯಲಾರಳು. ನನ್ನ ಬೆನ್ನಿಗೆ ಅವಳೊಬ್ಬಳೇ ಸಾಕು.

ದೊಡ್ಡವಳು ಯುಸ್ಮೆಲಿ ಕೇಳುತ್ತಾಳೆ: "ಅಪ್ಪಾ, ವರ್ಷವಿಡೀ ಊರೂರು ಸುತ್ತೋ ಯೋಗ ಬರ್ಲಿ ಅಂತ ಹೊಸ ವರ್ಷಕ್ಕೆ ಅತ್ತೆ ಜೊತೆ ಖಾಲಿ ಪೆಟ್ಟಿಗೆ ಹಿಡ್ಕೊಂಡು ಬೀದಿ ಸುತ್ತ ಓಡಿದ್ದು ನೀನೇ ತಾನೆ? ಈಗ್ಯಾಕೆ ಏದುಸಿರು ಬಿಡ್ತೀಯ?"

ಮೂರು ಸುತ್ತು ಓಡಿದ್ದೆವಲ್ಲ ಅಕ್ಕಾ, ಒಂದೇ ಸಾಕಿತ್ತು.

ಲಾರಿಯವನೊಬ್ಬ ನಾಳೆ ಘಾಟಿ ದಾಟಿಸುತ್ತೇನೆ ಎಂದಿದ್ದಾನೆ. ಅಷ್ಟರಲ್ಲಿ ಜ್ವರ ಇಳಿಯಬೇಕು. ಅಮ್ಮನಿಗೆ ಇದನ್ನು ಓದಿ ಹೇಳಬೇಡ, ತಮಾಷೆ ಇರುವ ಸಾಲು ಮಾತ್ರ ಹೇಳು.

ಈ ಸಲದ ಹೊಸ ವರ್ಷಕ್ಕೆ ನೀನು ಓಡಬೇಡ. ನಿನ್ನ ಪೆಟ್ಟಿಗೆಗೆ ಎತ್ತಲಾಗದಷ್ಟು ತುಂಬಿ ಬಾಗಿಲಿಗೆ ಅಡ್ಡ ಇಟ್ಟುಬಿಡು. ನಾವು ವಾಪಸ್ ಬಂದಾಗ ಬಾಗಿಲು ತೆಗೆಯಲು ಒಬ್ಬರಾದರೂ ಒಳಗಿರಬೇಕು.

ನಿನ್ನ ತಮ್ಮ
ಎವೆಲಿಯೊ